ಗುಡ್ಡದ ಮೇಲಿನ ಮರ

ದಿಂಬನ್ನು ಗದ್ದದಡಿ ಒತ್ತಿಹಿಡಿದು ಎರಡೂ ಕೈಗಳಿಂದ ಅದರ ಕವರನ್ನು ಮೇಲಕ್ಕೆಳೆಯುತ್ತಿದ್ದಾಗ ಕೆಳಗಿನಿಂದ ಯಾರೋ ಕೂಗಿದರು.

"ಅಕ್ಕಾ, ಗುಡ್ಡದ ಮೇಲಕ್ಕೆ ಹೋಗೋದು ಹೇಗೆ?"

ಅವಳು ದಿಂಬನ್ನು ಬಿಡದೆಯೇ ಕಿಟಕಿಗೆ ಬಂದಳು. ನಿನ್ನೆ ಬಂದಿಳಿದ ಗಂಡ ಹೆಂಡತಿ. ಹೊಸದಾಗಿ ಮದುವೆಯಾದವರಿರಬೇಕು, ಒಂದೇ ನೀರಿನ ಬಾಟಲಿಯನ್ನು ಇಬ್ಬರೂ ಹಿಡಿದುಕೊಂಡಿದ್ದರು.

"ಬೇಕರಿ ದಾಟಿ ನೇರ ಹೋಗಿ. ನೀರಿನ ಟ್ಯಾಂಕು ಸಿಗುತ್ತೆ. ಅಲ್ಲಿ ಎಡಕ್ಕೆ ಮಾತ್ರ ತಿರುಗ್ಬೇಡಿ, ಪಂಪ್‌ಹೌಸ್ ನೋಡ್ಕೊಂಡು ವಾಪಸ್ ಬರ್ಬೇಕಾಗುತ್ತೆ. ಬಲಗಡೆ ಕಲ್ಲಿನ ಮೆಟ್ಟಿಲು ಹಿಡೀರಿ. ತುದೀಲಿ ಒಂದು ದೊಡ್ಡ ಮರ ಇದೆ. ಅದರ ಬುಡದಲ್ಲಿ ಕೂತ್ಕೊಂಡೇ ಸೂರ್ಯ ಮುಳುಗೋದು ನೋಡಿ. ನಿಂತು ನೋಡಿದ್ರೆ ಅರ್ಧ ಕೆರೆ, ಕೂತು ನೋಡಿದ್ರೆ ಪೂರ್ತಿ ಕೆರೆ."

"ಅದು ಹೇಗಕ್ಕಾ?" ಎಂದು ಹುಡುಗಿ ಕಣ್ಣರಳಿಸಿದಳು.

"ಹೋಗಿ ನೋಡಿ, ಗೊತ್ತಾಗುತ್ತೆ."

ಅವರು ನಗುತ್ತಾ ಹೊರಟರು. ಅವಳು ದಿಂಬನ್ನು ಕವರಿನೊಳಗೆ ಇಳಿಸಿ, ಮೂಲೆಗಳನ್ನು ಹೊರಗೆ ಚಿವುಟಿ, ಮಂಚದ ಮೇಲಿಟ್ಟು ಒಂದು ಸಲ ತಟ್ಟಿದಳು.

ಊರಿನವರು ಅವಳನ್ನು ದಾರಿಯಕ್ಕ ಎಂದೇ ಕರೆಯುತ್ತಿದ್ದರು. ಗುಡ್ಡದ ಬುಡದಲ್ಲಿದ್ದ ಅವಳ ಮನೆಯ ಮಹಡಿಯಲ್ಲಿ ಪ್ರವಾಸಿಗರಿಗೆ ಕೊಡುವ ನಾಲ್ಕು ಕೋಣೆಗಳಿದ್ದವು. ಆ ಮನೆಯಲ್ಲಿ ಉಳಿದವರೇ ಆಗಲಿ, ಸುಮ್ಮನೆ ಹಾದುಹೋಗುವವರೇ ಆಗಲಿ, ಗುಡ್ಡ ಹತ್ತುವ ಮೊದಲು ಅವಳನ್ನೊಮ್ಮೆ ಕೇಳಿಯೇ ಹೋಗುತ್ತಿದ್ದರು. ಅವಳಿಗೆ ಅದರಲ್ಲಿ ಒಂದು ಹೆಮ್ಮೆ ಇತ್ತು. ಅಪರೂಪಕ್ಕೆ ಯಾರಾದರೂ ವಾಪಸ್ ಬಂದು, "ನೀವು ಹೇಳಿದ ಮರ ಸಿಗ್ಲೇ ಇಲ್ಲ" ಎಂದರೆ, ತಟ್ಟೆಗೆ ಬ್ರೆಡ್ ಹಾಕುತ್ತಲೇ, "ಹಾಗಿದ್ರೆ ನೀವು ಟ್ಯಾಂಕಿನ ಹತ್ರ ಎಡಕ್ಕೆ ಹೋಗಿರ್ತೀರಿ" ಎಂದುಬಿಡುತ್ತಿದ್ದಳು. ಅವಳ ದನಿಯಲ್ಲಿದ್ದ ಖಾತ್ರಿಗೆ ಎದುರಾಡುವವರು ಯಾರೂ ಇರಲಿಲ್ಲ. ತಾವೇ ದಾರಿ ತಪ್ಪಿದೆವೆಂದು ಒಪ್ಪಿಕೊಂಡು ಊಟ ಮಾಡುತ್ತಿದ್ದರು.

ಅವಳು ಮಾತ್ರ ಗುಡ್ಡ ಹತ್ತಿರಲಿಲ್ಲ.

ಅದೊಂದು ಗುಟ್ಟೇನಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ಮದುವೆಯಾಗಿ ಬಂದ ಹೊಸತರಲ್ಲಿ ಗಂಡ, "ಒಂದಿನ ಕರ್ಕೊಂಡು ಹೋಗ್ತೀನಿ" ಎಂದಿದ್ದ. ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಆಮೇಲೆ ಮಗಳು ಹುಟ್ಟಿದಳು. ಆ ಮಗಳನ್ನೂ ಶಾಲೆಯವರೇ ಪ್ರವಾಸವೆಂದು ಗುಡ್ಡಕ್ಕೆ ಕರೆದುಕೊಂಡು ಹೋದರು. ತನ್ನ ಊರನ್ನೇ ಪ್ರವಾಸ ಮಾಡಿಬಂದ ಮಗಳು ಮನೆಯಲ್ಲಿ ದೊಡ್ಡ ಮರದ ಚಿತ್ರ ಬರೆದಳು. ಸೂರ್ಯ ಮುಳುಗುವ ಹೊತ್ತೆಂದರೆ ದಾರಿಯಕ್ಕನಿಗೆ ಬಿಸಿನೀರಿನ ಹೊತ್ತು, ಚಹಾದ ಹೊತ್ತು, ಸೂಪಿಗೆ ತರಕಾರಿ ಹೆಚ್ಚುವ ಹೊತ್ತು. ಜನ ಬರದ ತಿಂಗಳುಗಳಲ್ಲಿ ಗುಡ್ಡವೆಲ್ಲ ಮಂಜು. ಮನೆಯ ಕಿಟಕಿಯಿಂದ ಗುಡ್ಡದ ಹೆಗಲು ಕಾಣುತ್ತಿತ್ತೇ ಹೊರತು ತಲೆ ಕಾಣುತ್ತಿರಲಿಲ್ಲ. ಆ ತಲೆಯನ್ನು ಅವಳು ಊಟದ ಮೇಜಿನ ಮಾತುಗಳಿಂದಲೇ ಕಟ್ಟಿಕೊಂಡಿದ್ದಳು. ಒಬ್ಬರು ಮೆಟ್ಟಿಲು ಹೇಳಿದರು, ಇನ್ನೊಬ್ಬರು ಗಾಳಿ ಹೇಳಿದರು, ಯಾರೋ ಒಬ್ಬ ಮುದುಕ ಕೂತು ನೋಡುವ ಮಾತು ಹೇಳಿದ. ಚೂರು ಚೂರು ಬಟ್ಟೆ ಸೇರಿಸಿ ಹೊಲಿದ ಕೌದಿಯಂತೆ ಎಲ್ಲವೂ ಸೇರಿಕೊಂಡು, ಈಗ ಕಣ್ಣು ಮುಚ್ಚಿದರೆ ಅವಳಿಗೆ ಮೇಲಿನದೆಲ್ಲ ಕಾಣುತ್ತಿತ್ತು.

ಅಂದು ಸಂಜೆ ಶಾಲೆಯ ಸಭಾಂಗಣದಲ್ಲಿ ಸಭೆಯಿತ್ತು. ಎರಡು ವರ್ಷಗಳಿಂದ ಊರಿಗೆ ಬರುವವರು ಕಡಿಮೆಯಾಗಿದ್ದರು. ಬಂದವರೂ ಒಂದು ಫೋಟೋ ತೆಗೆದುಕೊಂಡು ಮಧ್ಯಾಹ್ನಕ್ಕೇ ಮುಂದಿನ ಊರಿಗೆ ಹೊರಟುಬಿಡುತ್ತಿದ್ದರು. ಊರನ್ನು ಹೇಗೆ ಚೆನ್ನಾಗಿ ಮಾಡಬಹುದೆಂದು ಊರವರೂ ಹೇಳಲಿ, ಪ್ರವಾಸಿಗರೂ ಹೇಳಲಿ ಎಂದು ಪಂಚಾಯಿತಿಯವರು ಕರೆದಿದ್ದರು. ಒಂದೊಂದು ಲಾಡ್ಜಿನಿಂದ ಒಬ್ಬೊಬ್ಬರು ಮಾತಾಡಬೇಕಿತ್ತು.

"ನೀನೇ ಹೋಗು. ಗುಡ್ಡದ ವಿಷ್ಯ ನಿನ್ನಷ್ಟು ಯಾರಿಗೆ ಗೊತ್ತು?" ಎಂದಿದ್ದ ಗಂಡ.

"ಅಡುಗೆ?"

"ಸೂಪು ತಾನೆ? ನೀರು ಕುದಿಸೋಕೆ ಬರಲ್ವಾ ನಂಗೆ?"

"ನೀರು ಕುದಿಸಿದ್ರೆ ನೀರೇ ಆಗುತ್ತೆ ರೀ, ಸೂಪಾಗಲ್ಲ," ಎಂದು ನಗಾಡಿದ್ದಳು. ಆದರೆ ಮನಸ್ಸಿನೊಳಗೆ ಮಾತು ಸಿದ್ಧವಾಗತೊಡಗಿತ್ತು. ಮರದ ಬುಡದಲ್ಲಿ ಒಂದು ಒಳ್ಳೆಯ ಬೆಂಚು. ಬೇರೇನೂ ಬೇಡ. ವರ್ಷಾ ವರ್ಷಾ ಬಂದು ಮೂಲೆಯ ಕೋಣೆಯಲ್ಲೇ ಉಳಿಯುವ ನರ್ಸಮ್ಮನಿಗೆ ಮಂಡಿನೋವು. ನೆಲದ ಮೇಲೆ ಕೂತರೆ ಏಳಿಸಲು ಇಬ್ಬರು ಬೇಕು. ಕೂತರೇನೇ ಪೂರ್ತಿ ಕೆರೆ ಕಾಣುವ ಜಾಗದಲ್ಲಿ ಕೂರುವುದಕ್ಕೇ ಏನೂ ಇಲ್ಲದಿದ್ದರೆ ಹೇಗೆ? ಎರಡು ದಿನ ಪಾತ್ರೆ ತೊಳೆಯುತ್ತಾ ಅದನ್ನೇ ಹೇಳಿಕೊಂಡಿದ್ದಳು. ತುಂಬಿದ ಸಭೆಯಲ್ಲಿ ಅವಳು ಎಂದೂ ಬಾಯಿ ತೆರೆದವಳಲ್ಲ. ದಾರಿಯಕ್ಕ ಎಂಬ ಹೆಸರಿಗೆ ತಕ್ಕಂತೆ ಮಾತಾಡಬೇಕಿತ್ತು.

ನರ್ಸಮ್ಮ ಅವಳ ತೋಳು ಹಿಡಿದುಕೊಂಡೇ ಸಭಾಂಗಣಕ್ಕೆ ಬಂದರು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರೆಲ್ಲ ಮೊಣಕಾಲು ಮಡಚಿ ತುರುಕಿಕೊಂಡು ಕೂತಿದ್ದರು. ಅಧ್ಯಕ್ಷರು ಮೈಕನ್ನು ತಟ್ಟಿ ತಟ್ಟಿ ನೋಡಿ, ಕೆರೆಯ ದಂಡೆಯ ಮೇಲೆ ಊರಿನ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ನಿಲ್ಲಿಸಿ ದೀಪ ಹಾಕಬೇಕೆಂಬ ತಮ್ಮ ಆಸೆಯನ್ನು ಮೊದಲೇ ಹೇಳಿಬಿಟ್ಟರು. ಫೋಟೋ ಸ್ಟುಡಿಯೋದವನು ಜೋರಾಗಿ ಚಪ್ಪಾಳೆ ಹೊಡೆದ. ದೋಣಿಯಣ್ಣ ಎದ್ದು, ಹಂಸದ ಆಕಾರದ ದೋಣಿಗಳು ಬೇಕೆಂದ.

"ಹಂಸ ಆದ್ರೇನಣ್ಣ, ಒಳಗೆ ಅದೇ ತೂತು ತಾನೆ?" ಎಂದಳು ಬೇಕರಿಯ ಹೆಂಗಸು ಹಿಂದಿನ ಸಾಲಿನಿಂದ.

"ತೂತಿರೋದ್ರಿಂದ್ಲೇ ಜನ ಬೇಗ ಬೇಗ ತುಳೀತಾರೆ, ವ್ಯಾಯಾಮ ಆಗುತ್ತೆ!"

ಸಭೆಯೆಲ್ಲ ನಕ್ಕಿತು. ಪ್ರವಾಸಕ್ಕೆ ಬಂದಿದ್ದ ಒಬ್ಬ ಹಿರಿಯರು ಸಂಕೋಚದಿಂದ ಎದ್ದರು. "ಅಕ್ಷರ, ಹಂಸ ಎಲ್ಲ ಆಮೇಲೆ ಮಾಡಿ ಸಾರ್. ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಒಂದು ಚಿಲಕ ಹಾಕ್ಸಿ. ಒಳಗಿದ್ದಷ್ಟು ಹೊತ್ತೂ ಹಾಡು ಹೇಳ್ತಾ ಇರ್ಬೇಕಾಗುತ್ತೆ. ನಂಗೆ ಬರೋದೇ ಎರಡು ಹಾಡು." ಈ ಸಲ ಅಧ್ಯಕ್ಷರೂ ನಕ್ಕರು.

ಆ ನಗು ಆರುವ ಮುಂಚೆಯೇ ಅವಳ ಸರದಿ ಬಂತು. ಎದ್ದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಶುರುಮಾಡಿದಳು. ಮಾತು ಬರುತ್ತಾ ಬರುತ್ತಾ ಗಟ್ಟಿಯಾಯಿತು. ಮೆಟ್ಟಿಲು, ಗಾಳಿ, ಕೆರೆ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದಳು. "ಅಷ್ಟು ದೂರ ಹತ್ತಿ ಬಂದವರು ಕೂತ್ಕೊಳ್ಳೋಕೆ, ಆ ದೊಡ್ಡ ಮರದ ನೆರಳಲ್ಲಿ ಒಂದು ಬೆಂಚು ಹಾಕ್ಸಿ. ಜನ ಕೂತ್ರೆ ಉಳೀತಾರೆ," ಎಂದು ಮುಗಿಸಿದಳು.

ದೋಣಿಯಣ್ಣ ತಲೆ ಕೆರೆದುಕೊಂಡ.

"ಯಾವ ಮರ ಅಕ್ಕಾ?"

"ಅದೇ, ತುದೀಲಿರೋ ದೊಡ್ಡ ಮರ."

"ಅದೆಲ್ಲಿದೆ ಈಗ? ಆ ವರ್ಷದ ಬಿರುಗಾಳೀಲೇ ಬಿತ್ತಲ್ಲ! ನಾವೇ ಹೋಗಿ ಕೊಯ್ದು ತಂದ್ವಿ. ನಿಮ್ಮ ಯಜಮಾನ್ರೂ ಒಂದು ಲೋಡ್ ತಂದ್ರು. ನಿಮ್ಮನೆ ನೀರೊಲೇಲೇ ಉರೀತಲ್ಲ ಅಕ್ಕಾ!"

ನಗು ಒಂದು ಮೂಲೆಯಿಂದ ಎದ್ದು ಇನ್ನೊಂದು ಮೂಲೆಗೆ ಹೋಯಿತು. ಕೆಟ್ಟ ನಗುವಲ್ಲ, ಆದರೂ ನಗು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒದ್ದೆ ಕಟ್ಟಿಗೆ ಹೊಗೆಯಾಡಿದ್ದು, ಕಣ್ಣು ಒರೆಸಿಕೊಳ್ಳುತ್ತಾ ಊದಿದ್ದು ನೆನಪಾಯಿತು. ಆ ಬೆಂಕಿಯಲ್ಲಿ ಕಾದ ನೀರನ್ನು ಕೊಟ್ಟು, ಮಿಂದವರನ್ನೇ ಆ ಮರದ ಕೆಳಗೆ ಕೂರಲು ಕಳಿಸಿದ್ದಳು.

"ಅಲ್ಲ ದಾರಿಯಕ್ಕಾ," ಎಂದರು ಅಧ್ಯಕ್ಷರು ನಗು ತಡೆದುಕೊಂಡು, "ನೀವು ಮೇಲೆ ಹೋಗಿ ಎಷ್ಟು ಕಾಲ ಆಯ್ತು?"

ಬಹಳ ಕಾಲ ಆಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೂ ಬಂದಿತ್ತು. ಆದರೆ ಅವಳು ಸೆರಗನ್ನು ಬೆರಳಿನಿಂದ ಬಿಡಿಸಿಕೊಂಡಳು.

"ನಾನು ಹೋಗೇ ಇಲ್ಲ ಸಾರ್."

ನಗು ನಿಂತಿತು.

"ಬಂದವರು ಹೇಳಿದ್ದನ್ನ ಬರೋವರಿಗೆ ಹೇಳ್ತಿದ್ದೆ. ಸೂರ್ಯ ಮುಳುಗೋ ಹೊತ್ತಿಗೆ ನಂಗೆ ಒಲೆ ಬಿಟ್ಟು ಬರೋಕಾಗ್ತಿರ್ಲಿಲ್ಲ."

"ನಾನೂ ಹೋಗಿಲ್ಲ," ಎಂದಿತು ಹಿಂದಿನಿಂದ ಒಂದು ದನಿ. ಬೇಕರಿಯ ಹೆಂಗಸು ಎದ್ದು ನಿಂತಿದ್ದಳು. "ಅಲ್ಲಿಂದ ಇಳಿದವರೆಲ್ಲ ಹಸ್ಕೊಂಡು ನನ್ನ ಅಂಗಡಿಗೇ ಬರೋದು. ಬನ್ನು ಬಿಟ್ಟು ನಾನ್ಯಾವಾಗ ಹತ್ಲಿ?"

"ನಾನು ಚಡ್ಡಿ ಹಾಕ್ತಿದ್ದಾಗ ಹೋಗಿದ್ದು," ಎಂದ ಫೋಟೋ ಸ್ಟುಡಿಯೋದವನು. ದೋಣಿಯಣ್ಣ ತನ್ನ ಕಡೆಗೇ ತಿರುಗಿದ ಕಣ್ಣುಗಳನ್ನು ನೋಡಿ, "ನಾನು ಮರ ಕೊಯ್ಯೋಕೆ ಹೋಗಿದ್ದೆ ಕಣ್ರಪ್ಪ. ಕೆರೆ ಏನು ನೋಡೋದು? ದಿನಾ ಅದ್ರಲ್ಲೇ ಇರ್ತೀನಿ," ಎಂದ. ಆದರೆ ಕೂತ ಮೇಲೆ ಏನೋ ಯೋಚನೆಗೆ ಬಿದ್ದವನಂತೆ ಮೀಸೆ ಸವರಿಕೊಂಡ.

ಸ್ವಲ್ಪ ಹೊತ್ತು ಸಭೆ ಅಧ್ಯಕ್ಷರ ಕೈತಪ್ಪಿತು. ಅವರಿವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ವಾರಕ್ಕೊಂದು ಸಂಜೆ ಅಂಗಡಿ ಬೇಗ ಮುಚ್ಚಿದರೆ ಹೇಗೆ ಎಂದು ಯಾರೋ, ಹಾಗೆ ಮಾಡಿದರೆ ಬಂದವರು ಬೈದುಕೊಳ್ಳುತ್ತಾರೆ ಎಂದು ಇನ್ಯಾರೋ. ಆಗ ನರ್ಸಮ್ಮ ಬೆಂಚಿನ ಮೇಲೆ ಕೈಯೂರಿ ಕಷ್ಟಪಟ್ಟು ಎದ್ದರು.

"ಬೈಯಲ್ಲ ಬಿಡಿ. ಒಂದು ಸಂಜೆ ನಮ್ಮ ಚಹಾ ನಾವೇ ಕಾಯಿಸ್ಕೊಂಡ್ರೆ ಕೈ ಏನೂ ಬಿದ್ಹೋಗಲ್ಲ. ಊರವರಿಗೇ ಪುರುಸೊತ್ತಿಲ್ಲದ ಊರಲ್ಲಿ ನಾವು ಬಂದು ಎಷ್ಟು ಹೊತ್ತು ಕೂರ್ತೀವಿ ಹೇಳಿ?"

ಅಧ್ಯಕ್ಷರು ಮೈಕು ತಟ್ಟಿದರು. ಕೊನೆಗೆ ತೀರ್ಮಾನವಾದದ್ದು ಆಳೆತ್ತರದ ಅಕ್ಷರಗಳೇ. ಜೊತೆಗೆ ಶೌಚಾಲಯಕ್ಕೆ ಚಿಲಕ. ಗುಡ್ಡದ ಮೇಲೆ ಒಂದು ಸಸಿ ನೆಡುವುದೆಂದೂ ಆಯಿತು.

"ಸಸಿ ಮರ ಆಗೋ ತನಕ ನನ್ನ ಮಂಡಿ ಕಾಯಲ್ಲ. ಬೆಂಚೂ ಇರ್ಲಿ," ಎಂದರು ನರ್ಸಮ್ಮ ಕೂತಲ್ಲಿಂದಲೇ.

ವಾಪಸ್ ಬರುವಾಗಲೂ ನರ್ಸಮ್ಮ ಅವಳ ತೋಳು ಹಿಡಿದುಕೊಂಡಿದ್ದರು. ಬೇಕರಿಯ ದೀಪ ದಾಟಿದ ಮೇಲೆ ಕೇಳಿದಳು, "ನೀವು ಮೊದಲೆಲ್ಲ ಹತ್ತಿದ್ರಲ್ಲ ನರ್ಸಮ್ಮ. ಮರ ಇಲ್ಲ ಅಂತ ಯಾಕೆ ಹೇಳ್ಲಿಲ್ಲ ನಂಗೆ?"

"ಇಲ್ಲ ಅಂತ ಅನ್ನಿಸ್ಲೇ ಇಲ್ಲ ನಂಗೆ," ಎಂದರು ಅವರು. "ಅಲ್ಲಿ ಕೊಯ್ದ ಬುಡ ಇದೆ. ಮಂಚದ ಹಾಗೆ ಅಗಲ. ನೀವು ಹೇಳಿದ್ದು ಅದನ್ನೇ ಅಂದ್ಕೊಂಡೆ. ಹೋಗಿ ಕೂತೆ. ಮುಂದಿರೋ ಮರಗಳ ಕೊಂಬೆ ನಿಂತವರಿಗೆ ಅಡ್ಡ ಬರುತ್ತೆ. ಕೂತ್ರೆ ಅದರ ಕೆಳಗಿಂದ ಕೆರೆ ಪೂರ್ತಿ ಕಾಣುತ್ತೆ. ನೀವು ಹೇಳಿದ್ದರಲ್ಲಿ ಒಂದು ಅಕ್ಷರಾನೂ ಸುಳ್ಳಲ್ಲ."

ಅವಳು ನಡಿಗೆ ನಿಧಾನ ಮಾಡಿದಳು, ನರ್ಸಮ್ಮನ ಮಂಡಿಗಾಗಿ ಎಂಬಂತೆ.

ಮನೆಯಲ್ಲಿ ಗಂಡ ಸೌಟು ಹಿಡಿದುಕೊಂಡು ಗೆದ್ದವನಂತೆ ನಿಂತಿದ್ದ. ಸೂಪಿಗೆ ಎರಡು ಸಲ ಉಪ್ಪು ಬಿದ್ದಿತ್ತು, ತಳ ಸ್ವಲ್ಪ ಹಿಡಿದಿತ್ತು. ಆದರೂ ಎಲ್ಲರೂ ಉಂಡಿದ್ದರು. ಗುಡ್ಡದಿಂದ ಇಳಿದ ಆ ಹೊಸ ಜೋಡಿ ಇನ್ನೊಂದು ಬಟ್ಟಲು ಕೇಳಿತ್ತಂತೆ. ಬಿಸಿನೀರು ಹೊತ್ತಿಗೆ ಸರಿಯಾಗಿ ಹೋಗಿತ್ತು. ಯಾವ ಆಕಾಶವೂ ಕಳಚಿ ಬಿದ್ದಿರಲಿಲ್ಲ.

"ಮರ ಬಿದ್ದದ್ದು ನಂಗೆ ಹೇಳ್ಲೇ ಇಲ್ವಲ್ಲ ನೀವು," ಎಂದಳು.

"ಯಾವ ಮರ? ಓ, ಅದಾ? ಹೇಳಿದ್ದೆ ಅಂದ್ಕೊಂಡೆ." ಅವನು ಸೌಟಿನಿಂದ ಅಡುಗೆಮನೆಯ ಮೂಲೆ ತೋರಿಸಿದ. "ನೀನು ದಿನಾ ಕೂತ್ಕೊಂಡು ಈರುಳ್ಳಿ ಹೆಚ್ಚೋ ತುಂಡು ಮತ್ಯಾವುದು?"

ಅವಳು ಆ ದುಂಡನೆಯ ಮರದ ತುಂಡನ್ನು ನೋಡಿದಳು. ಕೂತು ಕೂತು ಅದರ ಮೇಲ್ಭಾಗ ನುಣುಪಾಗಿತ್ತು. ಬೈಯಬೇಕೋ ನಗಬೇಕೋ ತಿಳಿಯದೆ ಅದರ ಮೇಲೆಯೇ ಕೂತಳು. ಕೂತ ಮೇಲೆ ನಗು ಬಂತು. ಗಂಡ ಯಾಕೆಂದು ಕೇಳಿದ. ಸೂಪು ಚೆನ್ನಾಗಿದೆ ಎಂದಳು.

"ಇನ್ನೂ ಕುಡಿದೇ ಇಲ್ಲ ನೀನು!"

"ವಾಸನೇಲೇ ಗೊತ್ತಾಗುತ್ತೆ."

ಮರುದಿನ ಮಧ್ಯಾಹ್ನ ಕೋಣೆಗಳಿಗೆ ಹೊಸ ಹಾಸು ಹಾಕಿ, ದಿಂಬನ್ನು ಗದ್ದದಡಿ ಹಿಡಿದಿದ್ದಾಗ ಕೆಳಗಿನಿಂದ ಕರೆ ಬಂತು. ಬೆಳಿಗ್ಗೆ ಬಂದಿಳಿದ ಮೂವರು ಗೆಳತಿಯರು, ಮೂವರ ತಲೆಯಲ್ಲೂ ಬೆಳ್ಳಿಕೂದಲು.

"ಗುಡ್ಡಕ್ಕೆ ಹೇಗಮ್ಮಾ ಹೋಗೋದು?"

ಅವಳು ಕಿಟಕಿಗೆ ಬಂದಳು. ಬೇಕರಿ ಹೇಳಿದಳು, ಟ್ಯಾಂಕು ಹೇಳಿದಳು, ಕಲ್ಲಿನ ಮೆಟ್ಟಿಲು ಹೇಳಿದಳು. ಆಮೇಲೆ ದಿಂಬನ್ನು ತೋಳಿಗೆ ಇಳಿಸಿಕೊಂಡಳು.

"ತುದೀಲಿ ಒಂದು ಮರದ ಬುಡ ಇದೆ. ಅಗಲವಾಗಿದೆ. ಅದರ ಮೇಲೆ ಕೂತ್ಕೊಂಡು ನೋಡಿ. ಸ್ವಲ್ಪ ಸರಿದು ಕೂತ್ಕೊಳ್ಳಿ, ಇನ್ನೊಬ್ಬರಿಗೆ ಜಾಗ ಇರ್ಲಿ."

"ಯಾರಾದ್ರೂ ಬರೋವರಿದ್ದಾರಾ?"

"ಬರ್ತಾರೇನೋ," ಎಂದಳು.

ಅವರು ಹೊರಟ ಮೇಲೆ ಕೆಳಗಿಳಿದು ಬಂದಳು. ತರಕಾರಿಯೆಲ್ಲ ಆಗಲೇ ಹೆಚ್ಚಿ ಮುಚ್ಚಿಟ್ಟಿದ್ದಳು. ಚಹಾದ ಡಬ್ಬಿ, ಸಕ್ಕರೆ, ಸೌಟು, ಒಂದೇ ಒಂದು ಚಮಚದಷ್ಟು ಉಪ್ಪು, ಎಲ್ಲವೂ ಮೇಜಿನ ಮೇಲೆ ಕೈಗೆ ಸಿಗುವಂತಿದ್ದವು. ಹಿತ್ತಲಲ್ಲಿ ಗಂಡ ಯಾವುದೋ ಹಳೆಯ ಹಾಡು ಗುನುಗುತ್ತಾ ನೀರೊಲೆಗೆ ಕಟ್ಟಿಗೆ ಒಟ್ಟುತ್ತಿದ್ದ.

ಮೆಟ್ಟಿಲಿನ ಕೆಳಗಿನ ಕತ್ತಲೆಗೆ ಕೈಹಾಕಿ, ಹಳೆಯ ಡಬ್ಬಗಳ ಹಿಂದಿನಿಂದ ತನ್ನ ಪಟ್ಟಿಯ ಚಪ್ಪಲಿಗಳನ್ನು ಹೊರತೆಗೆದಳು. ಸೆರಗಿನ ತುದಿಯಿಂದ ಧೂಳು ಒರೆಸಿ, ಪಟ್ಟಿ ಗಟ್ಟಿಯಿದೆಯೇ ಎಂದು ಎರಡು ಸಲ ಎಳೆದು ನೋಡಿ, ಹೊಸ್ತಿಲ ಆಚೆ, ಮೂತಿ ರಸ್ತೆಯ ಕಡೆಗೆ ಬರುವಂತೆ ಇಟ್ಟಳು.