ಡೊಳ್ಳಾಸುರನ ಹಕ್ಕು

ಡೊಳ್ಳಾಸುರನ ತಲೆ ಒಡೆದದ್ದು ಹಾಡಹಗಲಲ್ಲಿ, ಶಾಲೆಯ ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದಾಗ.

ದೇವದುರ್ಗದ ಹೊರಗೆ, ರಾಯಚೂರು ರಸ್ತೆಯ ಮಗ್ಗುಲಲ್ಲಿ ಕಿರಣಕುಮಾರನ ಪಾರ್ಕು. ನಾಲ್ಕು ಜೋಕಾಲಿ, ಒಂದು ಜಾರುಬಂಡಿ, ಒಂದು ನೀರಿನ ಹೊಂಡ. ಬಾಗಿಲಲ್ಲಿ ಎರಡಾಳೆತ್ತರದ ಸಿಮೆಂಟಿನ ಡೊಳ್ಳಾಸುರ, ಹೊಟ್ಟೆ ಮುಂದೆ ಚಾಚಿ, ನಾಲಿಗೆ ಹೊರಹಾಕಿ ನಿಂತಿದ್ದ. ಹೈದರಾಬಾದಿನ ಕಂಪನಿಯೊಂದು ತೆಗೆದ ಮಕ್ಕಳ ಸಿನಿಮಾದ ರಾಕ್ಷಸ ಅವನು. ಮಕ್ಕಳನ್ನು ನುಂಗುವವನಲ್ಲ, ಮಕ್ಕಳ ಅಂಜಿಕೆಯನ್ನು ನುಂಗುವವನು. ಕನ್ನಡದಲ್ಲೂ ತೆಲುಗಿನಲ್ಲೂ ಸಿನಿಮಾ ಓಡಿತ್ತು. ಅವನನ್ನು ಮುಟ್ಟಲಿಕ್ಕೆಂದೇ ಮಕ್ಕಳು ಪಾರ್ಕಿಗೆ ಬರುತ್ತಿದ್ದರು.

ಕೋರ್ಟಿನ ಅಮೀನ ಆದೇಶ ಓದಿದ. ಕೂಲಿಗಳು ನಿಚ್ಚಣಿಕೆ ಹಚ್ಚಿ ಸುತ್ತಿಗೆ ಎತ್ತಿದರು. ತಲೆ ಉರುಳಿ ಬಿದ್ದು ಒಂದು ಕಣ್ಣು ಮೇಲಾಗಿ ನಿಂತಿತು. ಕಿರಣಕುಮಾರನ ಮಗಳು ವಿಶಾಖಾ, ಒಂದನೇ ಇಯತ್ತೆಯ ಹುಡುಗಿ, ಅಪ್ಪನ ಅಂಗಿ ಜಗ್ಗಿದಳು. "ಅಪ್ಪಾ, ಅವ ಏನ್ ತಪ್ಪು ಮಾಡ್ಯಾನ?"

ಕಿರಣಕುಮಾರ ರಸ್ತೆಯ ಆಚೆ ಕಾರಿಗೆ ಒರಗಿ ನಿಂತಿದ್ದ ವಾದಿರಾಜನನ್ನು ನೋಡುತ್ತಿದ್ದ.

ಇಬ್ಬರೂ ರಾಯಚೂರಿನ ಸಂಜೆ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಪಾರ್ಕು ಸುರುವಾದ ದಿನ ವಾದಿರಾಜ ಬಂದಿದ್ದ. ಡೊಳ್ಳಾಸುರನ ಹೊಟ್ಟೆ ತಟ್ಟಿ, "ಏನು ತಲಿ ಓಡಿಸೀರಿ ಮಾರಾಯರ! ಇದೊಂದು ಇದ್ದರ ಸಾಕು, ಜನಾ ಮುಕರಿಕೊಂಡು ಬರತದ" ಎಂದಿದ್ದ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದ. ಮುಂದಿನ ವಾರವೇ ಹೈದರಾಬಾದಿಗೆ ಹೋಗಿ, ರಾಯಚೂರು ಜಿಲ್ಲೆಯಲ್ಲಿ ಡೊಳ್ಳಾಸುರನನ್ನು ನಿಲ್ಲಿಸುವ ಹಕ್ಕನ್ನು ಕಂಪನಿಯಿಂದ ತನ್ನೊಬ್ಬನ ಹೆಸರಿಗೆ ಬರೆಸಿಕೊಂಡ. ಮಾನ್ವಿ ರಸ್ತೆಯಲ್ಲಿ ತನ್ನದೇ ದೊಡ್ಡ ಪಾರ್ಕು ತೆರೆದ. ಕಂಪನಿಗೆ ದೂರು ಕೊಡುವಾಗ ಅದೇ ಫೋಟೊವನ್ನು ಸಾಕ್ಷಿಯಾಗಿ ಲಗತ್ತಿಸಿದ. ಕಂಪನಿ ಕೋರ್ಟಿಗೆ ಹೋಗಿ ಒಡೆಸುವ ಆದೇಶ ತಂದಿತು.

ಸಿನಿಮಾದ ಗೊಂಬೆಗೂ ಅಪ್ಪಣೆ ಬೇಕೆಂದು ಕಿರಣಕುಮಾರನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆಟೋದ ಹಿಂದೆ ಹೀರೋನ ಚಿತ್ರ ಬರೆಸುವವರು ಯಾರ ಅಪ್ಪಣೆ ಕೇಳುತ್ತಾರೆ? ತಪ್ಪು ತನ್ನದೇ ಇರಬಹುದು ಎಂದು ಅವನು ಎಷ್ಟೋ ಸಲ ಅಂದುಕೊಂಡ. ಆದರೆ ಕಾರಿಗೆ ಒರಗಿ ನಿಂತವನ ಮುಖದ ನಗೆ ನೆನಪಾದಾಗಲೆಲ್ಲ ಆ ಮಾತು ಹೊಟ್ಟೆಯಲ್ಲೇ ಸುಟ್ಟುಹೋಗುತ್ತಿತ್ತು. ವಾದಿರಾಜನ ಡೊಳ್ಳಾಸುರನ ತಲೆಯೂ ಹೀಗೇ ಉರುಳಬೇಕು, ಜನ ನೋಡುತ್ತಿರುವಾಗಲೇ ಉರುಳಬೇಕು. ಅವನಿಗೆ ಬೇರೇನೂ ಬೇಕಿರಲಿಲ್ಲ.

ದಾರಿ ತೋರಿದವಳು ಅವನ ವಕೀಲೆ ಕಲ್ಯಾಣಿ. ಅದೂ ನಗೆಚಾಟಿಕೆಯಲ್ಲಿ.

"ಕಂಪನಿಯವರು ವಾದಿರಾಜಗ ಹಾಕಿದ ಷರತ್ತು ಕೇಳ್ರಿ ಅಣ್ಣಾರ. ಗೊಂಬಿ ಮೈಮ್ಯಾಲೆ ಜಾತಿದು, ಧರ್ಮದ್ದು, ಪಾರ್ಟಿದು ಯಾವ ಗುರ್ತೂ ಇರಬಾರದಂತ. ಇದ್ದರ ಹಕ್ಕು ರದ್ದು. ನಮ್ ಕಡಿ ಮಂದಿ ಹೊಸಾ ಮಿಕ್ಸರಿಗೂ ಕುಂಕುಮ ಹಚ್ಚತಾರ, ಇವರಿಗೆಲ್ಲಿ ಗೊತ್ತು!"

ಕಿರಣಕುಮಾರ ನಗಲಿಲ್ಲ. ಆ ಷರತ್ತನ್ನು ಇನ್ನೊಮ್ಮೆ ಹೇಳಿಸಿಕೊಂಡ.

ಅದೇ ದಿನಗಳಲ್ಲಿ ವಿಶಾಖಾಳಿಗೆ ಜ್ವರ ಬಂದಿತು. ರಾಯಚೂರಿನ ಆಸ್ಪತ್ರೆಯಲ್ಲಿ ಮಲಗಿಸಿ, ಸಲಾಯಿನ್ ಹಚ್ಚಿ, ಗುಳಿಗೆ ನುಂಗಿಸಿದ ಮೇಲೆ ಮಗು ಎದ್ದು ಕೂತು ಇಡ್ಲಿ ಕೇಳಿತು. ಮಗಳು ಗುಣವಾದ ಸಂತೋಷದ ನಡುವೆಯೇ ಅವನ ತಲೆಯಲ್ಲಿ ಒಂದು ಮಾತು ಹೊಳೆಯಿತು. ಹೊಳೆದ ಕೂಡಲೇ ನಾಚಿಕೆಯೂ ಆಯಿತು. ಅವನ ಮನೆಯಲ್ಲಿ ಹರಕೆ ಇರಲಿಲ್ಲ. ಈಗಿಲ್ಲದ ತಂದೆ ತಾಯಣ್ಣ, ಬುದ್ಧನ ದಾರಿ ಹಿಡಿದ ಮೇಲೆ, ಜಗಲಿಯ ಮೇಲಿದ್ದ ಹರಕೆಯ ಸಾಮಾನನ್ನೆಲ್ಲ ಹೊಳೆಗೆ ಬಿಟ್ಟು ಬಂದಿದ್ದ. ತಾಯಿ ಮಾನಮ್ಮ ಅಂದು ಅತ್ತರೂ, ಆಮೇಲೆ ಯಾವ ಕಲ್ಲಿಗೂ ಕೈ ಮುಗಿದವಳಲ್ಲ. ಮೊಮ್ಮಗಳಿಗೆ ವಿಶಾಖಾ ಎಂದು ಹೆಸರಿಟ್ಟವಳೂ ಅವಳೇ.

ನಾಚಿಕೆ ಒಂದು ದಿನ ತಡೆಯಿತು. ಮರುದಿನ ಅವನು ಟಿಕೇಟು ಕೊಂಡು ವಾದಿರಾಜನ ಪಾರ್ಕಿನೊಳಗೆ ಹೋದ. ಡೊಳ್ಳಾಸುರನ ಮುಂದೆ ತೆಂಗಿನಕಾಯಿ ಒಡೆದ. ಕಟ್ಟೆ ಹತ್ತಿ, ಹೊಟ್ಟೆಯವರೆಗೆ ಚಾಚಿದ ನಾಲಿಗೆಯ ಮೇಲೆ ಸಕ್ಕರೆ ಇಟ್ಟ. ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಸಕ್ಕರೆ ಓದಿಸಿ ಹರಕೆ ತೀರಿಸುವುದು ಈ ಸೀಮೆಯಲ್ಲಿ ಹಿಂದೂ ಮುಸ್ಲಿಂ ಎನ್ನದೆ ಎಲ್ಲರಿಗೂ ಗೊತ್ತು. ನೋಡಿದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಐಸ್‌ಕ್ರೀಮ್ ತಿನ್ನುತ್ತಿದ್ದ ಕುರ್ಡಿ ಊರಿನ ಹೆಂಗಸೊಬ್ಬಳು ಹತ್ತಿರ ಬಂದಳು. "ಏನ್ ಹರಕೀರಿ ಅಣ್ಣ?"

"ನನ್ ಮಗಳಿಗೆ ಅಂಜಿಕಿ ಜ್ವರ ಆಗಿತ್ತವ್ವಾ. ಡಾಕ್ಟರು ಕೈ ಚೆಲ್ಲಿದ್ರು. ಇವಗ ಬೇಡ್ಕೊಂಡೆ. ಅಂಜಿಕಿ ನುಂಗಾಂವ ಅಲ್ಲೇನು ಇಂವ? ಮರುದಿನಾ ಎದ್ದು ಕುಂತ್ಲು."

"ಹೌದೇನ್ರಿ ಯಪ್ಪಾ! ನಮ್ ಹುಡುಗನೂ ರಾತ್ರಿ ಬೆಚ್ಚಿ ಬೀಳ್ತಾನ್ರಿ."

"ಒಂದೀಟ ಸಕ್ಕರಿ ಇಟ್ಟು ನೋಡವ್ವಾ. ಹೋಗೂದೇನದ?"

ಅಷ್ಟೇ. ಆಮೇಲೆ ಅವನು ಏನೂ ಮಾಡಬೇಕಾಗಲಿಲ್ಲ. ಕುರ್ಡಿಯಿಂದ ಮಾತು ಮಾನ್ವಿಗೆ ಹೋಯಿತು, ಮಾನ್ವಿಯ ಸಂತೆಯಿಂದ ಊರೂರಿಗೆ. ರಾತ್ರಿ ಬೆಚ್ಚುವ ಕೂಸುಗಳು, ಹಾಲು ಕುಡಿಯದ ಕೂಸುಗಳು, ಪರೀಕ್ಷೆಗೆ ಅಂಜುವ ಹುಡುಗರು, ಎಲ್ಲರೂ ಬಂದರು. ಡೊಳ್ಳಾಸುರನ ಹಣೆಗೆ ಕುಂಕುಮ ಬಿತ್ತು, ಹೊಟ್ಟೆಗೆ ಭಂಡಾರದ ಅರಿಷಿಣ ಬಿತ್ತು, ಕೈಗೆ ಕೆಂಪು ದಾರ ಏರಿತು. ವಾದಿರಾಜ ಮೊದಮೊದಲು ಬೆಳಿಗ್ಗೆ ತೊಳೆಸುತ್ತಿದ್ದ. ಮಧ್ಯಾಹ್ನಕ್ಕೆ ಮತ್ತೆ ಮೆತ್ತಿಕೊಂಡಿರುತ್ತಿತ್ತು. ಕಡೆಗೆ ತೊಳೆಯುವ ಆಳು ಬಕೆಟ್ ಕೆಳಗಿಟ್ಟು, "ನನ್ ಕೈಲಿ ಆಗಂಗಿಲ್ರಿ ಧಣಿ, ನಂಗೂ ಮಕ್ಕಳದಾವ" ಎಂದನಂತೆ.

ಕಿರಣಕುಮಾರ ಫೋಟೊ ತೆಗೆದು ಕಂಪನಿಗೆ ಕಳಿಸಿದ. ಅವರು ಆಳು ಕಳಿಸಿ ಕಣ್ಣಾರೆ ನೋಡಿಸಿದರು. ವಾದಿರಾಜನ ಹಕ್ಕು ರದ್ದಾಯಿತು. ಹೊಲ ಮಾರಿ ಬಂದ ದುಡ್ಡನ್ನು ಮುಂದಿಟ್ಟು ಕಿರಣಕುಮಾರ ಅದೇ ಹಕ್ಕನ್ನು ತನ್ನ ಹೆಸರಿಗೆ ಬರೆಸಿಕೊಂಡ. ಕಂಪನಿಯವರು ಒಂದೇ ಮಾತು ಹೇಳಿದರು: ಜಿಲ್ಲೆಯ ಹಕ್ಕು ಇನ್ನು ನಿಮ್ಮದು, ಹಳೆಯ ಗೊಂಬೆಯನ್ನು ತೆಗೆಸುವ ಹೊಣೆಯೂ ನಿಮ್ಮದು.

ಹೊಣೆ! ಅವನಿಗೆ ಅದು ಉಡುಗೊರೆಯಂತೆ ಕೇಳಿಸಿತು. ಕೋರ್ಟಿನಿಂದ ಆದೇಶ ತಂದು, ಅಂದು ತನ್ನ ಬಾಗಿಲಿಗೆ ಬಂದ ಅಮೀನನನ್ನೇ ಕರೆದುಕೊಂಡು, ರವಿವಾರದ ದಿನ ನೋಡಿ, ಜನ ತುಂಬಿರುವ ಹೊತ್ತಿಗೆ ಮಾನ್ವಿ ರಸ್ತೆಗೆ ಹೋದ.

ವಾದಿರಾಜ ಜಗಳಕ್ಕೆ ಬರಲಿಲ್ಲ. ಗೇಟು ತಾನೇ ತೆರೆದ. "ಬರ್ರಿ ಕಿರಣಕುಮಾರ. ನಿಮ್ಮದೇ ಹಾದಿ ನೋಡ್ಲಿಕತ್ತಿದ್ದೆ. ಒಡೀರಿ. ನಾ ಏನೂ ಅನ್ನೂದಿಲ್ಲ."

ಕೂಲಿಗಳು ನಿಚ್ಚಣಿಕೆ ಹಚ್ಚಿದರು. ಹತ್ತಲಿಲ್ಲ. ಒಬ್ಬ ತಲೆ ಕೆರೆದುಕೊಂಡ, ಇನ್ನೊಬ್ಬ ಚಪ್ಪಲಿ ಬಿಟ್ಟು ಕೈ ಮುಗಿದ. ಅಮೀನ, "ನಂದು ಓದೂ ಕೆಲಸ, ಒಡಿಯೋದಲ್ಲ" ಎಂದು ನೆರಳಿಗೆ ಸರಿದ.

ಕಿರಣಕುಮಾರ ಸುತ್ತಿಗೆಯನ್ನು ತಾನೇ ಕಿತ್ತುಕೊಂಡ. ನಿಚ್ಚಣಿಕೆಯ ಮೇಲೆ ಕಾಲಿಟ್ಟಾಗ ಕೆಳಗಿನಿಂದ ಗುರುತಿನ ದನಿ ಬಂತು.

"ಕಿರಣಾ, ಇಳಿಯಪಾ."

ಸಕ್ಕರೆಯ ಪೊಟ್ಟಣ ಹಿಡಿದು ಮಾನಮ್ಮ ಸರದಿಯಲ್ಲಿ ನಿಂತಿದ್ದಳು. ಮಾನ್ವಿಯಲ್ಲಿ ತನ್ನ ಅಣ್ಣನ ಮನೆಯಲ್ಲಿರುವ ಅವಳು ಬಸ್ಸು ಹಿಡಿದು ಬಂದಿದ್ದಳು. ಇಷ್ಟು ವರ್ಷ ಬರಿದಾಗಿದ್ದ ಅವಳ ಹಣೆಯಲ್ಲಿ ಅರಿಷಿಣದ ಬೊಟ್ಟು.

"ಯವ್ವಾ, ನೀ ಯಾಕ ಬಂದಿ ಇಲ್ಲಿ?"

"ಯಾಕ ಅಂತ ಕೇಳ್ತಿ? ಡಾಕ್ಟರು ಕೈ ಚೆಲ್ಲಿದ ಕೂಸನ್ನ ಇಂವ ಉಳಿಸ್ಯಾನಂತ. ದೇವದುರ್ಗದ ಪಾರ್ಕಿನವರ ಮಗಳು ಅಂತ ಊರೆಲ್ಲ ಅಂತದ. ನೀ ನನಗ ಒಂದ್ ಮಾತು ಹೇಳಲಿಲ್ಲ. ನಿಮ್ಮಪ್ಪನ ಮಾತಿಗೆ ಅಂಜಿ ಇಷ್ಟು ದಿನ ಕೈ ಕಟ್ಟಿ ಕುಂತಿದ್ದೆ, ಇನ್ನ ಕುಂಡ್ರಂಗಿಲ್ಲ. ಇಳಿ."

ಗುಂಪು ಸುತ್ತ ನೆರೆಯಿತು. ಇದು ಸುಳ್ಳು ಎಂದು ಒಂದು ಮಾತು ಅವನು ಆಗ ಹೇಳಿದ್ದರೆ? ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಮೀನನಿದ್ದ, ಎದುರಿಗೆ ಫೋನು ಹಿಡಿದ ವಾದಿರಾಜನಿದ್ದ. ಸುಳ್ಳು ಹಬ್ಬಿಸಿ ಹಕ್ಕು ಕಸಿದ ಎಂದು ಕಂಪನಿಗೆ ತಿಳಿದರೆ ಎಲ್ಲ ಹೋಗುತ್ತಿತ್ತು. ಅವನು ಕೆಳಗೆ ನೋಡಿದ. ವಾದಿರಾಜನ ಮುಖದಲ್ಲಿ ಅಂದಿನ ಅದೇ ನಗೆ.

ಕಿರಣಕುಮಾರ ಸುತ್ತಿಗೆ ಬೀಸಿದ.

ತಂತಿಬಲೆಗೆ ಮೆತ್ತಿದ ಸಿಮೆಂಟು ಅದು, ಒಳಗೆಲ್ಲ ಪೊಳ್ಳು. ತಲೆ ಮೊದಲು ಹೋಯಿತು, ಆಮೇಲೆ ಡೊಳ್ಳು. ಹೆಂಗಸರು ಬಾಯಿ ಬಡಿದುಕೊಂಡರು. ಮಾನಮ್ಮ ಅಳಲಿಲ್ಲ. ಮಗನ ಕಡೆ ನೋಡದೆ, ಬಿದ್ದ ಚೂರೊಂದನ್ನು ಸೆರಗಿಗೆ ಹಾಕಿಕೊಂಡು ಗೇಟಿನಾಚೆ ನಡೆದಳು. ಅವನು ಒಡೆಯುತ್ತಲೇ ಇದ್ದ, ಉಸಿರು ಕಟ್ಟುವವರೆಗೆ. ಪಾದಗಳು ಮಾತ್ರ ಕಟ್ಟೆಗೆ ಕಚ್ಚಿಕೊಂಡಿದ್ದವು, ಅಲುಗಲಿಲ್ಲ.

"ಇರ್ಲಿ ಬಿಡ್ರಿ," ಎಂದ ವಾದಿರಾಜ. "ಪಾದ ಇರ್ಲಿ. ದಣದೀರಿ."

ಆ ರಾತ್ರಿ ಕಿರಣಕುಮಾರ ಹೊಟ್ಟೆ ತುಂಬ ಉಂಡ. ಬಹಳ ದಿನಗಳ ಮೇಲೆ ಕಣ್ಣಿಗೆ ನಿದ್ದೆ ಹತ್ತಿತು.

ದೇವದುರ್ಗದಲ್ಲಿ ಹೊಸ ಡೊಳ್ಳಾಸುರ ಎದ್ದು ನಿಂತ, ಈ ಸಲ ಕಂಪನಿಯ ಮುದ್ರೆಯ ಫಲಕದೊಂದಿಗೆ. ಆದರೆ ಪಾರ್ಕಿಗೆ ಜನ ಬರಲಿಲ್ಲ. ಮಕ್ಕಳು ಗೇಟಿನ ಹತ್ತಿರ ಕೈ ಜಗ್ಗಿದರೆ ತಾಯಂದಿರು ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದರು. "ದ್ಯಾವ್ರನ್ನ ಒಡದಾಂವನ ಜಾಗ ಅದು, ನಡಿ."

ಅತ್ತ ಮಾನ್ವಿ ರಸ್ತೆಯಲ್ಲಿ ವಾದಿರಾಜ ಪಾದಗಳ ಮೇಲೆ ತಗಡಿನ ಶೆಡ್ಡು ಹಾಕಿಸಿದ. ಅಮಾವಾಸ್ಯೆಗೆ ಸರದಿ ರಸ್ತೆಯವರೆಗೆ ಬರುತ್ತಿತ್ತು. ಸಕ್ಕರೆ ಇಟ್ಟು ಬಂದವರು ಮಕ್ಕಳನ್ನು ಅಲ್ಲಿಯೇ ಜೋಕಾಲಿಗೆ ಹತ್ತಿಸುತ್ತಿದ್ದರು. ಕಿರಣಕುಮಾರ ಮತ್ತೆ ಕಲ್ಯಾಣಿಯ ಕಚೇರಿಗೆ ಓಡಿದ.

"ಅಣ್ಣಾರ, ಆ ಪಾದದಾಗ ಡೊಳ್ಳಾಸುರ ಎಲ್ಲಿ ಕಾಣ್ತಾನ್ರಿ?" ಎಂದಳು ಅವಳು. "ಡೊಳ್ಳಿಲ್ಲ, ನಾಲಿಗಿಲ್ಲ. ಬರೇ ಎರಡು ಪಾದಕ್ಕ ಯಾವ ಕಂಪನಿ ಹಕ್ಕು ಹೇಳ್ತದ? ಜಡ್ಜು ನಗ್ತಾರ. ಮೂರ್ತಿ ಒಡದು ಪಾದ ಉಳಿಸಿದವರು ನೀವಾ ಅಲ್ಲೇನು?"

ಮಾನಮ್ಮ ಮಗನ ಮನೆಗೆ ಬರುವುದನ್ನು ನಿಲ್ಲಿಸಿದ್ದಳು. ಫೋನು ಮಾಡಿದರೆ ಮೊಮ್ಮಗಳ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದಳು. ಮುಂದಿನ ಅಮಾವಾಸ್ಯೆಗೆ ಕಿರಣಕುಮಾರ ಅವಳನ್ನು ಹುಡುಕಿಕೊಂಡು ಅಲ್ಲಿಗೇ ಹೋದ. ಶೆಡ್ಡಿನ ಹೊರಗೆ, ಸರದಿಯ ತುದಿಯಲ್ಲಿ ಸಿಕ್ಕಳು.

"ಯವ್ವಾ, ಮನಿಗೆ ನಡಿ. ಕೂಸು ನಿನ್ನ ಕೇಳಾಕತ್ತದ."

"ಬರ್ತೀನಿ. ಇದು ಮುಗೀಲಿ."

ಅವನು ಅವಳ ಕಿವಿಯ ಹತ್ತಿರ ಬಗ್ಗಿದ. "ಯವ್ವಾ, ಕೇಳು. ಜ್ವರ ಇಳಿದಿದ್ದು ಸಲಾಯಿನ್‌ಲಿಂದ. ಡಾಕ್ಟರು ಕೈ ಚೆಲ್ಲಿರಲಿಲ್ಲ. ನಾ ಸುಳ್ಳು ಹೇಳಿದ್ದೆ. ವಾದಿರಾಜನ ಹಕ್ಕು ಕಸಗೋಬೇಕಂತ ಹೇಳಿದ್ದೆ. ಇಲ್ಲಿ ಏನೂ ಇಲ್ಲ."

ಮಾನಮ್ಮ ಮಗನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು.

"ಒಡದ ಮ್ಯಾಲೆ ಅಂಜಿಕಿ ಹೊಕ್ಕದ ನಿನಗ. ಅದಕ್ಕ ಹಿಂಗ ಬಡಬಡಸಾಕತ್ತಿ. ನಾ ಕೂಸಿನ ಸಲುವಾಗಿ ಬಂದಿಲ್ಲೋ ತಮ್ಮಾ, ನಿನ್ನ ಸಲುವಾಗಿ ಬರಾಕತ್ತೀನಿ. ಹಿಡಿ." ಪೊಟ್ಟಣದ ಸಕ್ಕರೆಯನ್ನು ಅವನ ಅಂಗೈಗೆ ಸುರಿದಳು. "ನೀನಾ ಇಡು. ಇಟ್ಟರ ಇವತ್ತಾ ನಿನ್ ಜೊತಿ ಬರ್ತೀನಿ. ಇಲ್ಲಂದ್ರ ನಿಮ್ಮಪ್ಪನಾಣಿ, ನಿನ್ ಹೊಸ್ತಿಲಾ ತುಳಿಯಂಗಿಲ್ಲ."

ಸರದಿ ಸರಿಯಿತು. ಹಿಂದಿನವರು ಅವನನ್ನು ಗುರುತು ಹಿಡಿದು ಗುಸುಗುಸು ಸುರು ಮಾಡಿದರು. ಟಿಕೇಟಿನ ಕಿಂಡಿಯಿಂದ ವಾದಿರಾಜ ಎದ್ದು ಬಂದ. ಎರಡೂ ಕೈ ಜೋಡಿಸಿದ, ಬಹಳ ವಿನಯದಿಂದ.

"ಬರ್ರಿ, ಬರ್ರಿ. ಚಪ್ಪಲಿ ಮಾತ್ರ ಹೊರಗ ಬಿಡ್ರಿ, ಕಿರಣಕುಮಾರ."

ಬೆವರಿಗೆ ಅಂಗೈಯೊಳಗಿನ ಸಕ್ಕರೆ ಅಂಟತೊಡಗಿತ್ತು. ಒಂದು ಗಳಿಗೆ ಅದನ್ನು ವಾದಿರಾಜನ ಮುಖಕ್ಕೆ ಎರಚಬೇಕೆನಿಸಿತು. ತಾಯಿಯ ಕೈ ಬೆನ್ನ ಮೇಲಿತ್ತು. ಕಿರಣಕುಮಾರ ಚಪ್ಪಲಿ ಬಿಟ್ಟ, ಒಳಗೆ ಹೋದ, ಬಗ್ಗಿದ, ಎಡಪಾದದ ಮೇಲೆ ಸಕ್ಕರೆ ಇಟ್ಟ. ಹಿಂದೆ ಯಾರೋ ಸಮಾಧಾನದ ಉಸಿರು ಬಿಟ್ಟರು. ಮಾನಮ್ಮ ಕಣ್ಣು ಮುಚ್ಚಿ ಏನೋ ಬೇಡಿಕೊಳ್ಳುತ್ತಿದ್ದಳು.

ಅವನು ಕಣ್ಣು ಮುಚ್ಚಿರಲಿಲ್ಲ. ಬಗ್ಗಿದಲ್ಲಿಂದಲೇ ಶೆಡ್ಡಿನ ಮುಂದಿನ ಕಂಬಗಳನ್ನು ನೋಡುತ್ತಿದ್ದ. ಅವು ಕಾಂಪೌಂಡು ದಾಟಿ ಹೊರಗೆ ಬಂದಿದ್ದವು. ರಸ್ತೆಯ ಸರಕಾರಿ ಜಾಗ ಎಲ್ಲಿಂದ ಸುರುವಾಗುತ್ತದೆ ಎಂಬುದನ್ನು ಯಾರನ್ನು ಕೇಳಿದರೆ ತಿಳಿದೀತು ಎಂದು ಯೋಚಿಸುತ್ತ ಅವನು ಮೆಲ್ಲಗೆ ಎದ್ದ.