ಫಿಟ್ಸ್ ಮಾಡಿ ತೋರಿಸಿ

ಚಾಮರಾಜನಗರದ ಆದಿಲ್ ನರರೋಗ ಕಲಿಯಲು ಬೆಂಗಳೂರಿಗೆ ಹೋದವನು. ಕಲಿತದ್ದು ಅರ್ಧ ನರಶಾಸ್ತ್ರ, ಅರ್ಧ ನಟಶಾಸ್ತ್ರ. ಮೂರ್ಛೆರೋಗ ಕಲಿಸುತ್ತಿದ್ದ ಪ್ರೊಫೆಸರರದು ಮೂಗಿನಲ್ಲೇ ಮಾತು: "ಫಿಟ್ಸು ಡಾಕ್ಟ್ರ ಮುಂದೆ ಬರಲ್ಲಪ್ಪಾ. ನೋಡಿದೋರ ಕೈಲಿ ಮಾಡಿಸಿ ನೋಡು. ತಿಳೀಲಿಲ್ವಾ, ನೀನೇ ಮಾಡಿ 'ಹಿಂಗಾ?' ಅಂತ ಕೇಳು." ಆ ಮೂಗುದನಿಯನ್ನು ಅನುಕರಿಸಿಯೇ ಆದಿಲ್ ಹಾಸ್ಟೆಲಿನಲ್ಲಿ ಹೆಸರು ಮಾಡಿದ್ದ.

೨೦೦೬ರಲ್ಲಿ, ಗುಂಡ್ಲುಪೇಟೆಯ ಶಿಬಿರದಲ್ಲಿ ಮೊದಲ ಸಲ ಒಬ್ಬನೇ ಕೂತ. ಎದುರಿಗೆ, ಎಚ್ಚರ ತಪ್ಪಿ ಬಿದ್ದನೆಂದು ಮನೆಯವರು ಕರೆತಂದಿದ್ದ ಹಂಗಳದ ಟೆಂಪೋ ಡ್ರೈವರ್ ಪುಟ್ಟಮಾದು. ಫಿಟ್ಸ್ ಎಂದು ಬರೆದರೆ ಅವನು ಸ್ಟೇರಿಂಗು ಬಿಡಬೇಕು. ಬರೆಯದೆ ಬಿಟ್ಟರೆ, ಟೆಂಪೋ ತುಂಬ ಜನ. ಮೆದುಳಿನ ಇಇಜಿ ಸರಿಯಾಗೇ ಇತ್ತು. ಫಿಟ್ಸ್ ಇದ್ದವರಿಗೂ ಅದು ಸರಿಯಿರಬಹುದು.

"ತಲೆಸುತ್ತು ಕಣ್ಸಾ. ಒಂದೇ ಒಂದ್ಸಲ," ಎಂದು ಅವನ ಹೆಂಡತಿ ಮರಿತಾಯಮ್ಮ ಕುರ್ಚಿಯಲ್ಲೇ ಮೆಲ್ಲಗೆ ವಾಲಿ ತೋರಿಸಿದಳು.

"ಬುಡಮ್ಮಿ! ನಾ ನೋಡಿವ್ನಿ," ಎಂದು ಪುಟ್ಟಮಾದುವಿನ ಅಣ್ಣ ಚಿಕ್ಕಮಾದಯ್ಯ ನಾಲಗೆ ಚಾಚಿ, ಕಣ್ಣು ಕೆಕ್ಕರಿಸಿ ಕೋಣೆಯ ಉದ್ದಗಲಕ್ಕೂ ಕುಣಿದ. ಇದು ಫಿಟ್ಸೋ, ಮೈಮೇಲೆ ದೇವರು ಬಂದದ್ದೋ?

"ನನ್ನ ಕೇಳ್ಬ್ಯಾಡಿ ಸಾ," ಎಂದ ಪುಟ್ಟಮಾದು. "ಆವಾಗ ನಾನೇ ಇರಲ್ಲ."

ಈಗ ತಲೆ ಸುತ್ತಿದ್ದು ಆದಿಲ್‌ಗೆ. ಪ್ರೊಫೆಸರರನ್ನು ನೆನೆದು ನೆಲಕ್ಕೆ ಬಿದ್ದವನೇ ಸೆಟೆದು, ಕೈಕಾಲು ಜಾಡಿಸತೊಡಗಿದ. ಉತ್ಸಾಹದಲ್ಲಿ "ಹಿಂಗಾ?" ಎನ್ನುವುದು ಮರೆತೇಹೋಯಿತು.

"ಅಯ್ಯೋ, ಡಾಕ್ಟ್ರಿಗೇ ಬಂದ್ಬುಡ್ತು ಕಣ್ಲಾ! ಕೈಗೆ ಕಬ್ಣ ಕೊಡ್ಲಾ!" ಹೊರಗಿನ ಸಾಲೆಲ್ಲ ಒಳನುಗ್ಗಿತು. ಯಾರೋ ಅಂಗೈಗೆ ಬೀಗದ ಕೈ ತುರುಕಿದರು. ಚಿಕ್ಕಮಾದಯ್ಯ ಮೂಗಿಗೆ ಚಪ್ಪಲಿ ಹಿಡಿದ.

ಮರಿತಾಯಮ್ಮ ಮಾತ್ರ ಕೂಗಲಿಲ್ಲ. ಚಪ್ಪಲಿ ತಳ್ಳಿ, ಆದಿಲ್‌ನನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ತನ್ನ ಅಂಗೈ ಇಟ್ಟು, ಕತ್ತಿನ ಗುಂಡಿ ಬಿಚ್ಚಿದಳು. "ಈಗ್ ನಿಂತೋಯ್ತದೆ, ಗಾಳಿ ಬುಡಿ," ಎನ್ನುತ್ತ ಸೆರಗಿನಿಂದ ಬಾಯಿ ಒರೆಸಿದಳು. ಒರೆಸಲು ಅಲ್ಲಿ ನೊರೆಯೇ ಇರಲಿಲ್ಲ.

ಆದಿಲ್ ಕಣ್ಣು ಬಿಟ್ಟ. "ಎಷ್ಟು ಸಲ ಬಂದಿದೆ, ತಾಯಿ?"

ಸೆರಗು ಅಲ್ಲೇ ನಿಂತಿತು. "ನಾನೇನೂ ಯೋಳ್ನಿಲ್ವಲ್ಲ ಸಾ..."

ಪುಟ್ಟಮಾದು ಅವಳ ಕೈಯನ್ನೇ ನೋಡುತ್ತಿದ್ದ. "ನಂಗೂ ಇಂಗೇ ಮಾಡ್ತಿದ್ಯಾ, ಮರಿತಾಯಿ?"

ಅವಳು ತಲೆ ತಗ್ಗಿಸಿದಳು. ಆದಿಲ್ ಎದ್ದು ಮುಷ್ಟಿ ಬಿಚ್ಚಿದ. ಒಳಗಿದ್ದದ್ದು ಟೆಂಪೋ ಕೀ. ಪುಟ್ಟಮಾದುವಿನತ್ತ ಚಾಚಿದ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

"ಅಣ್ಣಂಗೆ ಕೊಡಿ ಸಾ, ಅವ್ನೂ ಡ್ರೈವರೇಯ. ಓಗನ."

ಕುಣಿದು ಇನ್ನೂ ಏದುಸಿರು ಬಿಡುತ್ತಿದ್ದ ಚಿಕ್ಕಮಾದಯ್ಯನನ್ನು ನೋಡಿ, ಕೀ ಕೊಡುವುದೋ ಬೇಡವೋ ತಿಳಿಯದೆ ಆದಿಲ್ ನಿಂತೇ ಇದ್ದ.