ಅಂಗೈ ಮರೆಯ ನವಿಲು

ಯಂತ್ರ ಮತ್ತೆ ನಿಂತಿತು. ಪರದೆಯ ಮೇಲೆ ಅದೇ ಸುಳ್ಳು: ದಾರ ಹರಿದಿದೆ. ದಾರ ಮಾತ್ರ ಸೂಜಿಯಲ್ಲಿ ಗಟ್ಟಿಮುಟ್ಟಾಗಿಯೇ ಇತ್ತು.

“ಇದಕ್ಕೇನ ದೆವ್ವ ಬಡದೈತೋ!” ಎಂದಳು ತನುಜಾ. “ಸಂಜಿಗೆ ಸರೋಜವ್ವಾರು ಹಿರೇಕೆರೂರಿಂದ ಬರ್ತಾರ. ಮಗಳ ಮದವಿ ಜಂಪರ ಸಿಗಲಿಲ್ಲಂದ್ರ ಸೀದಾ ಹುಬ್ಬಳ್ಳಿಗೆ ಹೋಗಿ ಚೀನಾದ ಲೇಸ ಪಟ್ಟಿ ತಗೊಂಡು ಹಚ್ಚಸ್ತಾರ.”

ಶಿಗ್ಗಾವಿಯ ಈ ಕಸೂತಿ ಅಂಗಡಿ ತನುಜಾ ಮತ್ತು ಸವಣೂರಿನ ಕೌಸರ ಕೂಡಿ ಹಾಕಿದ್ದು. ಚೀನಾದ ಅಗ್ಗದ ಪಟ್ಟಿಗಳು ಗಿರಾಕಿಗಳನ್ನೆಲ್ಲ ಎಳೆದುಕೊಂಡಾಗ, ಅವಕ್ಕೆ ಸಡ್ಡು ಹೊಡೆಯಲೆಂದೇ ಇಬ್ಬರೂ ಈ ಯಂತ್ರ ತರಿಸಿದ್ದರು. ಎಲ್ಲಿಂದ? ಚೀನಾದಿಂದಲೇ. ಬೇರೆ ಯಾವುದೂ ಅವರ ಕೈಗೆಟಕುವಂತಿರಲಿಲ್ಲ.

ಯಂತ್ರ ಮಾರಿದ ಚೀನಾದ ಲಿನ್‌ಗೆ ಕೌಸರ ವಿಡಿಯೋ ಕರೆ ಮಾಡಿದಳು. ದುಂಡು ಮುಖದ ಹೆಂಗಸು, ಬಾಯಲ್ಲಿ ಇನ್ನೂ ತುತ್ತಿತ್ತು. ಅವಳ ಮಾತನ್ನು ಫೋನು ಕನ್ನಡಕ್ಕೆ ತಿರುಗಿಸಿ, ಪಾಠ ಓದುವ ಮಾಸ್ತರರ ದನಿಯಲ್ಲಿ ಒಪ್ಪಿಸಿತು: “ದಯವಿಟ್ಟು ದಾರದ ಚಕ್ರವನ್ನು ತೋರಿಸಿರಿ.”

ತೋರಿಸಿದರು. ಲಿನ್ ಅಗಿಯುವುದನ್ನೇ ನಿಲ್ಲಿಸಿದಳು. “ಆ ಕೆಂಪು ಪುಡಿ ಏನು?”

ನಿನ್ನೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ತನುಜಾ ಯಂತ್ರದ ಒಂದು ಅಂಗವನ್ನೂ ಬಿಡದೆ ಭಕ್ತಿಯಿಂದ ಕುಂಕುಮ ಹಚ್ಚಿದ್ದಳು. ದಾರ ಓಡುತ್ತಿದೆಯೋ ಇಲ್ಲವೋ ಎಂದು ಕಾಯುವ ಪುಟ್ಟ ಚಕ್ರದ ಕಿಂಡಿಗಳೂ ತುಂಬಿಹೋಗಿದ್ದವು.

“ಅದರ ಕಣ್ಣಾಗೂ ಕುಂಕುಮ ಹಾಕೀರಲ್ರೀ ಅಕ್ಕಾ!” ಕೌಸರ ಬಿದ್ದುಬಿದ್ದು ನಕ್ಕಳು.

ಬ್ರಷ್‌ನಿಂದ ಒರೆಸಿದ್ದೇ ತಡ, ಯಂತ್ರ ಗರಗರನೆ ಓಡಿತು. ತನುಜಾಗೆ ಹೋದ ಜೀವ ಬಂದಂತಾಯಿತು. ಬಟ್ಟೆಯ ಮೇಲೆ ನವಿಲೊಂದು ಮೂಡತೊಡಗಿತು. ಅದು ತಡಸ ಊರಿನ ಅವಳ ಅಜ್ಜಿ ಕೈಯಿಂದ ಹಾಕುತ್ತಿದ್ದ ನವಿಲು, ಬೇರೆ ಯಾವ ಅಂಗಡಿಯಲ್ಲೂ ಸಿಗದ್ದು. ಸರೋಜವ್ವ ಅಷ್ಟು ದೂರದಿಂದ ಬರುತ್ತಿದ್ದುದೇ ಅದಕ್ಕಾಗಿ.

“ಹೊಲಿಗೆಯನ್ನು ತೋರಿಸಿರಿ,” ಎಂದಿತು ಫೋನು. “ದಾರದ ಬಿಗಿ ನೋಡಬೇಕು.”

ಯಂತ್ರ ನಿಲ್ಲಿಸಿ ಫೋನು ಎತ್ತಿದ ತನುಜಾ ಅಲ್ಲೇ ತಡೆದು ನಿಂತಳು. ಲಿನ್‌ಳ ಬೆನ್ನ ಹಿಂದೆ ಮೇಜಿನ ತುಂಬ ಲೇಸ್ ಪಟ್ಟಿಗಳ ರಾಶಿ. ಹುಬ್ಬಳ್ಳಿ ಪೇಟೆಯಲ್ಲಿ ಮಾರುವ ಅದೇ ಗುಲಾಬಿ ಬಳ್ಳಿ.

“ನಮ್ಮ ಗಿರಾಕಿ ಕಸಗೊಂಡಾಕಿ ಇಕೀನ ನೋಡ ಕೌಸರ,” ಅವಳು ಪಿಸುಗುಟ್ಟಿದಳು. “ಈ ನವಿಲ ಕಂಡ್ಲಂದ್ರ ದೀಪಾವಳಿಗೆ ಹುಬ್ಬಳ್ಯಾಗ ಇರತೈತಿ.”

“ಮಶೀನ ನಡಸಿಕೊಟ್ಟಾಕೀನೂ ಇಕೀನ ಅಲ್ರೀ. ಬಿಗಿ ತಪ್ಪಿದ್ರ ಜಂಪರ ಹಾಳಾಗತೈತಿ.”

ಎರಡೂ ನಿಜವೇ. ತನುಜಾ ಒಂದು ಗಳಿಗೆ ಯೋಚಿಸಿದಳು. ಆಮೇಲೆ ನವಿಲಿನ ಮೇಲೆ ಅಂಗೈ ಅಗಲಿಸಿಟ್ಟು, ಒಂದು ಬೆರಳಗಲದ ಹೊಲಿಗೆಯನ್ನಷ್ಟೇ ಫೋನಿಗೆ ಹಿಡಿದಳು.

ಲಿನ್ ಹತ್ತಿರ ಬಂದು ನೋಡಿದಳು. ಹೊಲಿಗೆಯನ್ನು ನೋಡಿದಳು, ಅಂಗೈಯನ್ನೂ ನೋಡಿದಳು. ಹೆಬ್ಬೆರಳೆತ್ತಿ ಸರಿಯಿದೆ ಎಂದಳು. ಮರುಕ್ಷಣ ಅವಳಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಹಿಂದಕ್ಕೆ ಕೈಚಾಚಿ, ಒಂದು ಚಾದರ ಎಳೆದು ತನ್ನ ರಾಶಿಯ ಮೇಲೆ ಹೊದಿಸಿದಳು.